ಒಂದು ಮನೆಗೆ ಒಂದಕ್ಷರ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಾದ ನಮಗೆ ಕಂಪ್ಯೂಟರಿನ ಚರಿತ್ರೆ ಏಕೆಂದು ನೀವು ಕೇಳಬಹುದು. ಸಂಘದ ವಾರ್ಷಿಕ ವರದಿಯೇ ಇದಕ್ಕೆ ಕಾರಣ. ಅದನ್ನು ಬರೆಯಲು ಕುಳಿತಾಗ ನಮ್ಮ ಕಿರಿಯ ಸೋದರನು ತನ್ನ ಕಸುಬಿನ ‘ವಿಮ್’ ಎಂಬ ಎಡಿಟರನ್ನು ತೆರೆದುಕೊಟ್ಟನು. ಇಂಗ್ಲಿಷ್ ಅಕ್ಷರಗಳು ಸಿಪಾಯಿಗಳಂತೆ ಸಾಲಾಗಿ ನಿಂತವು. ನಮ್ಮ ಒತ್ತಕ್ಷರಗಳೋ ಒಂದರ ಮೇಲೊಂದು ಬಿದ್ದವು! ಕಾರಣವನ್ನು ಹುಡುಕಿದಾಗ ತಿಳಿದುದನ್ನು ನಿಮ್ಮ ಮುಂದಿಡುತ್ತೇವೆ.

ಯುನಿಕ್ಸ್ ಕಂಪ್ಯೂಟರುಗಳಲ್ಲಿ ಮೊದಲು ಇದ್ದುದು ಕೆನ್ ಥಾಂಪ್ಸನ್ ಬರೆದ ‘ಎಡ್’. ಕೇಳಿದ ಸಾಲನ್ನಷ್ಟೇ ಅದು ತೋರಿಸುತ್ತಿತ್ತು. ಪುಟವು ಕಣ್ಣೆದುರಿಗಿಲ್ಲದೆ ತಿದ್ದುವುದೆಂದರೆ ಲೆಡ್ಜರನ್ನು ಮುಚ್ಚಿಟ್ಟು ಲೆಕ್ಕ ಹೊಂದಿಸಿದಂತೆಯೇ ಸರಿ. 1976ರಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೂಲೂರಿಸ್ ಎಂಬವರು ತಮ್ಮ ‘ಇಎಮ್’ ಎಡಿಟರನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ತಂದರು. ಅದನ್ನು ಕಂಡ ವಿದ್ಯಾರ್ಥಿಗಳಾದ ಬಿಲ್ ಜಾಯ್, ಚಕ್ ಹೇಲಿ ಇಬ್ಬರೂ ಅದನ್ನು ಬೆಳೆಸಹೊರಟರು. ಮುಂದೆ ಜಾಯ್ ಅವರ ಕೈಯಲ್ಲಿ, ಪರದೆಯ ತುಂಬ ಪುಟವನ್ನು ತೋರುವ ‘ವಿಐ’ ಸಿದ್ಧವಾಯಿತು.

ಜಾಯ್ ಮನೆಯಿಂದ ದುಡಿಯುತ್ತಿದ್ದುದು ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನು ಮಾತ್ರ ಸಾಗಿಸುವ ದೂರವಾಣಿ ತಂತಿಯ ಮೇಲೆ. ಸಾಲಿಗೆ 80 ಅಕ್ಷರದಂತೆ 24 ಸಾಲು ತುಂಬಬೇಕಾದರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು! ಆದುದರಿಂದ ಆಜ್ಞೆಗಳೆಲ್ಲ ಒಂದೆರಡು ಅಕ್ಷರಗಳಿಗೆ ಇಳಿದವು. ಬದಲಾದಷ್ಟನ್ನೇ ಪರದೆಗೆ ಕಳುಹಿಸುವ ಉಪಾಯವೂ ಹುಟ್ಟಿತು. ಬಡತನವೇ ಜಾಣತನವನ್ನು ಕಲಿಸಿತು.

ಹಂಚಿದ ಬಗೆಯನ್ನು ಕೇಳಿರಿ. 1978ರ ಮೊದಲ ಬರ್ಕ್ಲಿ ಟೇಪಿನ ಸುಮಾರು 30 ಪ್ರತಿಗಳು ಹೊರಟವು. ‘ವಿಐ’ಯನ್ನು ಹೊತ್ತ ಎರಡನೆಯದರವು ಸುಮಾರು 75. ಟೇಪು ಸಿದ್ಧಪಡಿಸುವವರೂ ಫೋನಿಗೆ ಉತ್ತರಿಸುವವರೂ ಜಾಯ್ ಒಬ್ಬರೇ. ನಮ್ಮ ಸಂಘದ ಕಾರ್ಯದರ್ಶಿಗಳ ಪಾಡನ್ನು ಬಲ್ಲವರಿಗೆ ಇದು ಹೊಸದಲ್ಲ! ಬಗೆಬಗೆಯ ಟರ್ಮಿನಲ್ಲುಗಳ ಗುಣಗಳನ್ನು ಪಟ್ಟಿಮಾಡಿದ ಒಂದು ಕಡತವೂ ಜೊತೆಗಿತ್ತು. ಆದುದರಿಂದ ಒಂದೇ ಎಡಿಟರು ಹತ್ತು ಕಡೆ ನಡೆಯಿತು. ಆದರೆ ಯುನಿಕ್ಸ್ ಪರವಾನಗಿ ಇಲ್ಲದವರಿಗೆ ಅದರ ಮೂಲಬರಹ ಸಿಕ್ಕುತ್ತಿರಲಿಲ್ಲ. ಅಂತಹವರು ಅದೇ ಮಾದರಿಯಲ್ಲಿ ಹೊಸದನ್ನೇ ಕಟ್ಟಿಕೊಂಡರು. ಹಾಲೆಂಡಿನ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ‘ವಿಮ್’ ಅಂತಹುದು. ಅವರು ಬೆಲೆ ಕೇಳಲಿಲ್ಲ. ಉಗಾಂಡದ ಅನಾಥ ಮಕ್ಕಳಿಗೆ ನೆರವಾಗಿರೆಂದರು. 2023ರಲ್ಲಿ ಅವರು ತೀರಿಕೊಂಡರೂ ಆ ಕೆಲಸ ನಿಂತಿಲ್ಲ.

ಇನ್ನು ನಮ್ಮ ಒತ್ತಕ್ಷರದ ಮಾತು. ಟರ್ಮಿನಲ್ ಪರದೆಯು ಚೌಕಾಬಾರದ ಹಾಸಿನಂತೆ. ಒಂದು ಮನೆಗೆ ಒಂದಕ್ಷರವೆಂಬುದು ಅದರ ಹಳೆಯ ಲೆಕ್ಕ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಆರು ಸಂಕೇತ. ಅದು ಯಾವ ಮನೆಯಲ್ಲಿ ಹಿಡಿದೀತು? ಎಡಿಟರಿನ ದೋಷಕ್ಕಿಂತ ಆ ಪರದೆಯ ಲೆಕ್ಕದ ದೋಷವೇ ದೊಡ್ಡದು. ಕನ್ನಡವನ್ನು ಅರಿಯದವರಿಗೆ ಈ ತೊಡಕು ಕಣ್ಣಿಗೇ ಬೀಳದು.

ಇಂತಹ ಎಷ್ಟೋ ಟರ್ಮಿನಲ್ಲುಗಳ ಮೂಲಬರಹ ಇಂದು ಎಲ್ಲರಿಗೂ ತೆರೆದಿದೆ, ಬೀಗವಿಲ್ಲ. ನಮ್ಮ ಮನೆಮನೆಯಲ್ಲೂ ಈ ಕಸುಬಿನ ಮಕ್ಕಳಿದ್ದಾರೆ. ಅವರಲ್ಲಿ ಹಲವರಿಗೆ ಕನ್ನಡವನ್ನು ಓದಲು ಬಾರದೆಂಬುದೇ ನಮ್ಮ ಅಳಲು. ಸಂಘದ ಭಾನುವಾರದ ಅಕ್ಷರ ತರಗತಿಗೆ ಅವರನ್ನು ಕಳುಹಿಸಿಕೊಡಿರಿ. ತಿದ್ದುವ ಕೈ ಅವರಲ್ಲಿದೆ. ತಪ್ಪನ್ನು ಕಾಣುವ ಕಣ್ಣನ್ನು ನಾವು ಕೊಡೋಣ.