ಪೌರಸೇವಕರ ಪೋಷಣೆ

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಊರಿಗೆ ನೀರು ಬಿಡುವವರು, ಬೀದಿ ಗುಡಿಸುವವರು, ಜನನ ಮರಣಗಳನ್ನು ಬರೆದುಕೊಳ್ಳುವವರು, ಸ್ಮಶಾನವನ್ನು ಕಾಯುವವರು, ಇವರನ್ನು ನಾವು ನೆನೆಯುವುದು ಅವರ ಕೆಲಸ ತಪ್ಪಿದ ದಿನ ಮಾತ್ರ. ನಲ್ಲಿಯಲ್ಲಿ ನೀರು ಬಂದ ದಿನ ನೀರು ಬಿಟ್ಟವನ ಹೆಸರನ್ನು ಯಾರೂ ಎತ್ತುವುದಿಲ್ಲ. ಕಷ್ಟಕಾಲದಲ್ಲಿ ಊರನ್ನು ನೋಡಿಕೊಳ್ಳುವ ಈ ಜನರನ್ನು ನೋಡಿಕೊಳ್ಳುವ ಭಾರ ಯಾರದು ಎಂಬ ವಿಷಯವಾಗಿ ತಮ್ಮ ಮುಂದೆ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳಲು ಅಪ್ಪಣೆ ಬೇಡುವೆನು.

ಇದಕ್ಕೆ ಇಂಗ್ಲೆಂಡಿನ ಪೌರಸಭೆಗಳ ನೌಕರರು 2020–21ರ ಚಳಿಗಾಲವನ್ನು ಕಳೆದ ಬಗೆಯನ್ನೇ ನಿದರ್ಶನವಾಗಿ ತೆಗೆದುಕೊಂಡಿರುವೆನು. ಆ ನಾಡು ನಮಗೆ ತೀರ ಅಪರಿಚಿತವಾದುದೇನೂ ಅಲ್ಲ. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ 2015ನೆಯ ನವೆಂಬರ್ 14ರಂದು ಅನಾವರಣಗೊಂಡ ಶ್ರೀ ಬಸವೇಶ್ವರರ ಪ್ರತಿಮೆಯು ನಿಂತಿರುವುದು ಲ್ಯಾಂಬೆತ್ ಎಂಬ ಪೌರಸಭೆಯ ಎಲ್ಲೆಯಲ್ಲಿಯೇ.

ಡಿಸೆಂಬರ್ ತಿಂಗಳಲ್ಲಿ ಆ ನಗರದಲ್ಲಿ ಸಂಜೆ ನಾಲ್ಕು ಗಂಟೆಯಾಗುವ ಹೊತ್ತಿಗೆ ಸೂರ್ಯನು ಮುಳುಗಿಬಿಡುವನು. ಆ ವರ್ಷ ಡಿಸೆಂಬರ್ 8ರಂದು ಕೊವೆಂಟ್ರಿ ಪಟ್ಟಣದಲ್ಲಿ ಕೊರೋನಾ ಲಸಿಕೆಯನ್ನು ಹಾಕಲು ಮೊದಲುಮಾಡಿದಾಗ ಜನರಿಗೆ ಕತ್ತಲೆ ಕಳೆಯಿತೆಂದೇ ತೋರಿತು. ಆದರೆ ರೋಗಾಣುವು ರೂಪಾಂತರ ಹೊಂದಿ ಮೊದಲಿಗಿಂತ ಬೇಗ ಹಬ್ಬತೊಡಗಿದ್ದಿತು. 2021ನೆಯ ಜನವರಿ 6ರಿಂದ ಇಂಗ್ಲೆಂಡಿನಲ್ಲಿ ಮೂರನೆಯ ಲಾಕ್‌ಡೌನ್ ಕಾನೂನಾಗಿ ಜಾರಿಗೆ ಬಂದಿತು. ಜನವರಿ 26ರಂದು ಬ್ರಿಟನ್ನಿನಲ್ಲಿ ಸತ್ತವರ ಲೆಕ್ಕವು ಒಂದು ಲಕ್ಷವನ್ನು ದಾಟಿತು.

ಮನೆಯಲ್ಲಿಯೇ ಇರಿ ಎಂದು ಸರಕಾರವು ಜನರಿಗೆಲ್ಲ ಹೇಳಿದಾಗ, ಮನೆಯಲ್ಲಿ ಇರಲಾಗದ ವರ್ಗವೊಂದು ಉಂಟಷ್ಟೆ! ಕಸ ಒಯ್ಯುವವರು ಒಯ್ಯಲೇಬೇಕು. ಹಿಮ ಬಿದ್ದ ರಸ್ತೆಗೆ ಉಪ್ಪು ಚೆಲ್ಲುವವರು ಚೆಲ್ಲಲೇಬೇಕು. ಶವಸಂಸ್ಕಾರದ ವ್ಯವಸ್ಥೆ ನಡೆಯಲೇಬೇಕು. ಇವುಗಳ ಜತೆಗೆ ಹೊಸ ಕೆಲಸಗಳೂ ಅವರ ಹೆಗಲೇರಿದವು. ಬಡಮಕ್ಕಳ ಊಟಕ್ಕೆಂದೂ ಮನೆ ಬೆಚ್ಚಗಿಡುವ ವೆಚ್ಚಕ್ಕೆಂದೂ ಸರಕಾರವು ಕೊಟ್ಟ 17 ಕೋಟಿ ಪೌಂಡುಗಳ ನಿಧಿಯನ್ನು ಅರ್ಹರಿಗೆ ಮುಟ್ಟಿಸಿದವರು ಪೌರಸಭೆಗಳ ಗುಮಾಸ್ತರು. ಜನವರಿಯ ಮೂರನೆಯ ವಾರದಲ್ಲಿ ಕ್ರಿಸ್ಟೋಫ್ ಎಂಬ ಬಿರುಗಾಳಿ ಮಳೆಯು ಮ್ಯಾಂಚೆಸ್ಟರಿನ ಡಿಡ್ಸ್‌ಬರಿ, ನಾರ್ಥೆಂಡನ್ ಭಾಗಗಳ ಜನರನ್ನು ರಾತ್ರಿಯಲ್ಲಿ ಮನೆಬಿಡಿಸಿತು. ಗುಂಪುಗೂಡಬಾರದೆಂಬ ಕಾಲದಲ್ಲಿ ನಿರಾಶ್ರಿತರಿಗೆ ತಂಗುದಾಣ ಒದಗಿಸುವುದು ಎಂತಹ ಸಂಕಟದ ಕೆಲಸವೆಂಬುದನ್ನು ತಾವೇ ಊಹಿಸಬಹುದು.

ಇವೆಲ್ಲ ಮೈಗೆ ಆಗುವ ದಣಿವು. ಮನಸ್ಸಿಗೆ ಆಗುವ ದಣಿವು ಇದಕ್ಕಿಂತ ದೊಡ್ಡದು. ಸೋಂಕಿನ ಕಾರಣದಿಂದ ಮನೆಯಲ್ಲಿಯೇ ಉಳಿದು ಕೂಲಿ ಕಳೆದುಕೊಳ್ಳುವ ಬಡವರಿಗೆ 500 ಪೌಂಡುಗಳ ನೆರವನ್ನು ಕೊಡುವ ಏರ್ಪಾಡು 2020ನೆಯ ಸೆಪ್ಟೆಂಬರ್ 28ರಿಂದ ಆರಂಭವಾಯಿತು. ನಿಯಮಗಳನ್ನು ಮಾಡಿದವರು ರಾಜಧಾನಿಯಲ್ಲಿ ಕುಳಿತವರು. ಅವುಗಳಿಗೆ ಒಳಪಡದ ಅನೇಕ ಅರ್ಜಿದಾರರಿಗೆ ‘ಇಲ್ಲ’ವೆಂದು ಹೇಳಬೇಕಾದವರು ಮಾತ್ರ ಊರಿನ ಪೌರಸಭೆಯ ನೌಕರರು. ಕೊಡುವ ಅಧಿಕಾರವಿಲ್ಲದೆ ಬೈಗುಳ ತಿನ್ನುವ ಹೊಣೆ ಮಾತ್ರ ಇರುವವನ ಬಾಳು ಎಷ್ಟು ಕಠಿಣವಾದುದು!

ಇಂಥವರಿಗೆ ಸಮಾಜವು ಏನು ಕೊಟ್ಟಿತು? 2020ನೆಯ ಮಾರ್ಚ್ 26ರಿಂದ ಮೇ 28ರವರೆಗೆ ಹತ್ತು ಗುರುವಾರಗಳ ರಾತ್ರಿ ಆ ದೇಶದ ಜನರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ನಮ್ಮಲ್ಲಿಯೂ ಅದೇ ಮಾರ್ಚ್ 22ರಂದು ಗಂಟೆ ಜಾಗಟೆಗಳು ಮೊಳಗಿದವು. ಕೃತಜ್ಞತೆಯು ಸದ್ಗುಣವೇ ಸರಿ, ಅದನ್ನು ಹಳಿಯತಕ್ಕುದಲ್ಲ. ಆದರೆ ಚಪ್ಪಾಳೆಯಿಂದ ಜ್ವರ ಇಳಿಯುವುದಿಲ್ಲ, ಬಾಡಿಗೆ ತೀರುವುದಿಲ್ಲ. ಆ ವರ್ಷ ಅಲ್ಲಿ ಕಾನೂನಿನ ಪ್ರಕಾರ ದೊರೆಯುತ್ತಿದ್ದ ಕಾಯಿಲೆ ರಜೆಯ ಸಂಬಳವು ವಾರಕ್ಕೆ 95.85 ಪೌಂಡುಗಳು ಮಾತ್ರ. ವಾರದ ಗಳಿಕೆಯು 120 ಪೌಂಡುಗಳಿಗಿಂತ ಕಡಮೆಯಾದವರಿಗೆ ಅದೂ ಇಲ್ಲ. ಪೌರಸಭೆಗಳ ಪರವಾಗಿ ಗುತ್ತಿಗೆಯವರ ಕೈಕೆಳಗೆ ಮುದುಕರ ಆರೈಕೆ ಮಾಡುತ್ತಿದ್ದ ಅನೇಕರ ಸ್ಥಿತಿ ಇದೇ ಆಗಿದ್ದಿತು. ಕೆಮ್ಮು ಬಂದ ಬೆಳಗ್ಗೆ ಅಂಥವರ ಎದುರಿಗೆ ಎರಡೇ ದಾರಿ: ಕೆಲಸಕ್ಕೆ ಹೋಗಿ ರೋಗ ಹಂಚುವುದು, ಇಲ್ಲವೇ ಮನೆಯಲ್ಲಿದ್ದು ಮಕ್ಕಳನ್ನು ಉಪವಾಸ ಕೆಡಹುವುದು.

ಈ ಮಾತು ಬರಿಯ ಕನಿಕರದ್ದಲ್ಲ. ಇಂಗ್ಲೆಂಡಿನ 5,000ಕ್ಕೆ ಮಿಕ್ಕ ವೃದ್ಧಾಶ್ರಮಗಳನ್ನು ವಿಚಾರಿಸಿ 2020ನೆಯ ಜುಲೈ ತಿಂಗಳಲ್ಲಿ ಪ್ರಕಟವಾದ ‘ವಿವಾಲ್ಡಿ’ ಎಂಬ ಸಮೀಕ್ಷೆಯಲ್ಲಿ ಕಂಡುಬಂದುದಿಷ್ಟು: ಕಾಯಿಲೆಯಾದ ನೌಕರರಿಗೆ ಸಂಬಳ ಕೊಡುತ್ತಿದ್ದ ಆಶ್ರಮಗಳ ವೃದ್ಧರಲ್ಲಿ ಸೋಂಕು ಕಡಮೆ. ಆರೈಕೆಯವರು ಸೋಂಕಿನ ಕಾರಣ ಮನೆಯಲ್ಲಿ ಉಳಿದರೂ ಪೂರ್ಣ ಸಂಬಳ ಪಡೆಯಲೆಂದು ಸರಕಾರವು ಮೇ ತಿಂಗಳಲ್ಲಿಯೇ ತೆರೆದಿದ್ದ ನಿಧಿಯನ್ನು ಚಳಿಗಾಲಕ್ಕೂ ಮುಂದುವರಿಸಿತು. ನೌಕರನಿಗೆ ಕಾಯಿಲೆಯ ದಿನ ಕೊಡುವ ಕೂಲಿಯು ದಾನವೆಂದು ಭಾವಿಸುವವರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅದು ಊರಿನವರು ತಮ್ಮ ತಂದೆತಾಯಿಗಳ ಪ್ರಾಣಕ್ಕೆ ತಾವೇ ಕಟ್ಟಿಕೊಂಡ ಕೋಟೆ.

ಮಹನೀಯರೇ, ಅದೇ ಚಳಿಗಾಲದಲ್ಲಿ ನಮ್ಮ ನಾಡಿನ ಗ್ರಾಮಪಂಚಾಯತಿ ಚುನಾವಣೆಗಳು ಡಿಸೆಂಬರ್ 22 ಮತ್ತು 27ರಂದು ನಡೆದವು. ನಮ್ಮ ಪಂಚಾಯತಿಯ ಕರವಸೂಲಿಗಾರರೂ ನೀರು ಬಿಡುವವರೂ ಪೌರಕಾರ್ಮಿಕರೂ ರೋಗದ ನಡುವೆಯೇ ದುಡಿದರು. 2021ನೆಯ ಜನವರಿ 16ರಂದು ದೆಹಲಿಯ ದೊಡ್ಡ ಆಸ್ಪತ್ರೆಯಲ್ಲಿ ಲಸಿಕೆಯನ್ನು ಮೊದಲು ಪಡೆದವನು ಅಲ್ಲಿಯ ಸ್ವಚ್ಛತಾ ನೌಕರ. ಫೆಬ್ರವರಿಯಲ್ಲಿ ಪೌರಸಭೆಗಳ ಕಾರ್ಮಿಕರಿಗೂ ಆ ಸರದಿ ಬಂದಿತು. ಬ್ರಿಟನ್ನಿನಲ್ಲಿ ಕಸ ಒಯ್ಯುವವರಿಗೆ ಅವರ ಉದ್ಯೋಗದ ಕಾರಣದಿಂದ ಇಂಥ ಆದ್ಯತೆ ದೊರೆಯಲಿಲ್ಲ. ಈ ಒಂದು ಅಂಶದಲ್ಲಿ ನಮ್ಮ ನಡತೆ ಮೇಲಾದುದೆಂದು ಸಂತೋಷಪಡೋಣ. ಆದರೆ ಗುತ್ತಿಗೆಯ ಮೇಲೆ ದುಡಿಯುವವರು ನಮ್ಮ ಊರುಗಳಲ್ಲಿ ಇಂದಿಗೂ ಇರುವರು. ಕಾಯಿಲೆಯ ದಿನದ ಕೂಲಿಯ ಪ್ರಶ್ನೆಯು ಅವರ ಪಾಲಿಗೆ ಕೊರೋನಾದೊಡನೆ ಮುಗಿದುಹೋಗಿಲ್ಲ.

ಆದುದರಿಂದ ಈ ಸಭೆಯಲ್ಲಿರುವ ಪುರಸಭೆಯ ಸದಸ್ಯರಲ್ಲಿಯೂ ಪುರಜನರಲ್ಲಿಯೂ ನನ್ನ ಬಿನ್ನಹ ಮೂರು. ಮೊದಲನೆಯದು, ಗುತ್ತಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನ ಕಾಯಿಲೆಯ ದಿನದ ಕೂಲಿಯ ಮಾತು ಅದರಲ್ಲಿದೆಯೇ ಎಂದು ಓದಿ ನೋಡಿರಿ. ಎರಡನೆಯದು, ಕಷ್ಟಕಾಲದಲ್ಲಿ ಸರದಿಯ ಮೇಲೆ ವಿಶ್ರಾಂತಿ ದೊರೆಯುವಂತೆ ಏರ್ಪಡಿಸಿರಿ. ನೌಕರನು ತನ್ನ ಸಂಕಟವನ್ನು ಹೇಳಿಕೊಂಡಾಗ ಅವನ ಮೇಲಧಿಕಾರಿಯು ಕುಳಿತು ಕೇಳಲಿ. ಮೂರನೆಯದು, ಕಚೇರಿಯ ಕಿಟಕಿಯಲ್ಲಿ ‘ಇಲ್ಲ’ ಎಂದವನ ಮೇಲೆ ಕೋಪಿಸಿಕೊಳ್ಳುವ ಮೊದಲು ಆ ನಿಯಮವನ್ನು ಯಾರು ಮಾಡಿದರೆಂಬುದನ್ನು ವಿಚಾರಿಸಿರಿ.

ಇವುಗಳಲ್ಲಿ ಯಾವುದೂ ರೋಗ ಬಂದ ಮೇಲೆ ಆರಂಭಿಸತಕ್ಕ ಕೆಲಸವಲ್ಲ. ಬಾವಿಯನ್ನು ಬೆಂಕಿ ಬೀಳುವ ಮೊದಲೇ ತೋಡಬೇಕು. ನೆಮ್ಮದಿಯ ಈ ದಿನಗಳಲ್ಲಿಯೇ ಅದಕ್ಕೆ ಕೈಹಾಕುವ ಬುದ್ಧಿ ನಮಗೆಲ್ಲರಿಗೂ ಬರಲೆಂದು ಹಾರೈಸುವೆನು.