ಡಬ್ಬಿ ಡಬ್ಬಿಯಾದ ಪಾಠ



ನಾನು ಉರ್ದು, ಕನ್ನಡ ಕಲಿಸುವ ಮಾಸ್ತರ, ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಆದರೂ ಇಂದು ಸಾಫ್ಟ್‌ವೇರ್ ಬಗ್ಗೆ ಮಾತಾಡಲು ನಿಂತಿದ್ದೇನೆ. ಅದಕ್ಕೆ ಕಾರಣ 2020ರ ಲಾಕ್‌ಡೌನ್. ಶಾಲೆ ಮುಚ್ಚಿದಾಗ ಶಲವಡಿಯಿಂದ ಒಂದು ಉರ್ದು ಪಾಠ ಟೈಪ್ ಮಾಡಿ ಮಕ್ಕಳ ಮನೆಗೆ ಮೆಸೇಜ್ ಕಳಿಸಿದೆ. ನನ್ನ ಮೊಬೈಲಿನಲ್ಲಿ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಮರುದಿನ ಒಬ್ಬ ವಿದ್ಯಾರ್ಥಿನಿಯ ತಂದೆ ಫೋನ್ ಮಾಡಿ, "ಸರ, ನಮ್ಮ ಫೋನಿನ್ಯಾಗ ಬರೇ ಡಬ್ಬಿ ಡಬ್ಬಿ ಕಾಣಾಕತ್ತಾವ್ರಿ" ಎಂದರು. ಅವರದು ಹಳೆಯ ಕೀಪ್ಯಾಡ್ ಫೋನು.

ತಪ್ಪು ಅವರ ಫೋನಿನದಲ್ಲ, ನನ್ನದು. ಉರ್ದುವಿನ ನಸ್ತಾಲೀಕ್ ಬರಹದಲ್ಲಿ ಪ್ರತಿ ಅಕ್ಷರವೂ ನೆರೆಯ ಅಕ್ಷರವನ್ನು ನೋಡಿ ರೂಪ ಬದಲಿಸುತ್ತದೆ, ಇಳಿಜಾರಾಗಿ ಕೆಳಗಿಳಿಯುತ್ತದೆ. ಕನ್ನಡದ ಒತ್ತಕ್ಷರಗಳಿಗೂ ಇಂಥದೇ ಜೋಡಣೆ ಬೇಕು. ಅದಕ್ಕೆ ಫೋನಿನೊಳಗೆ ಫಾಂಟ್, ಅಕ್ಷರ ಜೋಡಿಸುವ ತಂತ್ರಾಂಶ, ಮೆಮೊರಿ ಎಲ್ಲ ಇರಬೇಕು. ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಬೆಂಬಲ ಬಂದದ್ದೇ 2012ರ 4.1 ಆವೃತ್ತಿಯಲ್ಲಿ. ಐಫೋನಿನಲ್ಲಿ ಉರ್ದು ನಸ್ತಾಲೀಕ್‌ನಲ್ಲಿ ಮೂಡಿದ್ದು 2017ರ ಐಒಎಸ್ 11ರಿಂದ. ಅದಕ್ಕೂ ಮೊದಲು ಅಲ್ಲಿ ಉರ್ದು ನಸ್ಖ್ ಶೈಲಿಯಲ್ಲಿ ಕಾಣುತ್ತಿತ್ತು. ನಮ್ಮ ಕಣ್ಣಿಗೆ ಅದು ಹಿತವಲ್ಲ, ಆದರೆ ಓದಲು ಬರುತ್ತಿತ್ತು. ಸೊಗಸು ಸಾಧ್ಯವಿಲ್ಲದ ಕಡೆ ಒಂದು ಮೆಟ್ಟಿಲು ಇಳಿದು ಅರ್ಥವನ್ನು ಉಳಿಸಿಕೊಳ್ಳುವ ಈ ರೀತಿಯೇ ಒಳ್ಳೆಯ ಸಾಫ್ಟ್‌ವೇರಿನ ಗುಟ್ಟು.

ಅಂಥ ಸಾಫ್ಟ್‌ವೇರ್ ಮೊದಲು ಯಂತ್ರವನ್ನೇ ವಿಚಾರಿಸುತ್ತದೆ: ನಿನ್ನ ಪರದೆ ಎಷ್ಟಗಲ, ಮೆಮೊರಿ ಎಷ್ಟು, ನೆಟ್ ಹೇಗಿದೆ? ಒಂದೇ ವಿಡಿಯೋವನ್ನು ಹಲವು ಗುಣಮಟ್ಟದಲ್ಲಿ, ಸಣ್ಣ ಸಣ್ಣ ತುಂಡುಗಳಾಗಿ ಇಟ್ಟಿರುತ್ತಾರೆ. ನೆಟ್ ಸೊರಗಿದರೆ ಮುಂದಿನ ತುಂಡು ಹಗುರವಾದದ್ದು ಬರುತ್ತದೆ. ಚಿತ್ರ ಮಸುಕಾಗುತ್ತದೆ, ಪಾಠ ನಿಲ್ಲುವುದಿಲ್ಲ.

ಹಣ ಕಳಿಸುವ ಯುಪಿಐ ಕೂಡ ಮೊದಲು ಸ್ಮಾರ್ಟ್‌ಫೋನ್ ಇದ್ದವರ ಸೊತ್ತೆಂದೇ ನಾವು ತಿಳಿದಿದ್ದೆವು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ಆರಂಭಿಸಿದ ಮೇಲೆ ಕೀಪ್ಯಾಡ್ ಫೋನಿನವರೂ ಕರೆ ಮಾಡಿ, ಗುಂಡಿ ಒತ್ತಿ ಹಣ ಕಳಿಸುವಂತಾಯಿತು. ಇದಕ್ಕೂ ಎಷ್ಟೋ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ರೂಪಿಸಿದ್ದರು. ಓದು ಬಾರದವರಿಗೆ ಅದು ಓದಿ ಹೇಳುತ್ತಿತ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್ ಇತ್ತು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಜನ ಅಷ್ಟಾಗಿ ಕೊಳ್ಳಲಿಲ್ಲ. ಅದು ಇಂದಿಗೂ ನನಗೆ ಬೇಸರದ ಸಂಗತಿ.

ಆ ಫೋನ್ ಬಂದ ನಂತರ ನಾನು ಪಾಠವನ್ನು ಮೂರು ಬಗೆಯಲ್ಲಿ ಸಿದ್ಧಮಾಡತೊಡಗಿದೆ. ಒಳ್ಳೆಯ ಫೋನಿಗೆ ವಿಡಿಯೋ. ಹಳೆಯ ಸ್ಮಾರ್ಟ್‌ಫೋನಿಗೆ ಕೈಬರಹದ ಸಣ್ಣ ಫೋಟೋ, ಏಕೆಂದರೆ ಚಿತ್ರಕ್ಕೆ ಫಾಂಟ್ ಬೇಕಿಲ್ಲ. ಕೀಪ್ಯಾಡ್ ಫೋನಿಗೆ ಸಂಜೆ ಕರೆ ಮಾಡಿ ನಾನೇ ಓದಿ ಹೇಳುತ್ತಿದ್ದೆ, ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಇಲ್ಲಿ ಬಿಸಿಎ, ಡಿಪ್ಲೊಮಾ ಓದುವವರಿದ್ದೀರಿ. ನಾಳೆ ನಮ್ಮ ವಿದ್ಯಾರ್ಥಿವೇತನದ ಅರ್ಜಿಯನ್ನು ಮೊಬೈಲಿಗೆ ತರುವ ಕೆಲಸ ನಿಮ್ಮ ಕೈಗೇ ಬರಬಹುದು. ಆಗ ಹೆಸರು, ತರಗತಿ, ಕೊನೆಯ ದಿನಾಂಕ ಮೊದಲು ಮೂಡಲಿ, ಅಲಂಕಾರದ ಚಿತ್ರಗಳು ಆಮೇಲೆ ಬರಲಿ. ನೆಟ್ ಕಡಿದರೆ ತುಂಬಿದಷ್ಟು ಅರ್ಜಿ ಉಳಿದಿರಲಿ. ಪರೀಕ್ಷೆಯನ್ನು ನಿಮ್ಮ ಹೊಸ ಮೊಬೈಲಿನಲ್ಲಿ ಮಾಡಬೇಡಿ. ಮನೆಯಲ್ಲಿ ಅಮ್ಮನ ಹತ್ತಿರ ಇರುವ, ಗಾಜು ಒಡೆದ ಆ ಹಳೆಯ ಫೋನನ್ನು ಕೇಳಿ ತನ್ನಿ.