ಕೂಡುರಸ್ತೆಯ ಮರುವಿನ್ಯಾಸ ಮತ್ತು ಗ್ರಾಮ ಪಂಚಾಯತಿಯ ಹೊಣೆ: ಬೈರಮಂಗಲ ಮಾರ್ಗದ ನಿದರ್ಶನ

(ಉಪನ್ಯಾಸದ ಪಠ್ಯ)



ಬಿಡದಿಯಲ್ಲಿ ಹಳೆಯ ಬೆಂಗಳೂರು–ಮೈಸೂರು ರಸ್ತೆಯಿಂದ ಕವಲೊಡೆದು ಬೈರಮಂಗಲದ ಮೂಲಕ ಹಾರೋಹಳ್ಳಿಯತ್ತ ಸಾಗುವ ಮಾರ್ಗವು ಈ ಭಾಗದ ಜೀವನಾಡಿ. ಹಾಲಿನ ವಾಹನ, ರೇಷ್ಮೆಗೂಡು ಹೊತ್ತ ಬೈಕು, ಕಾರ್ಖಾನೆಯ ಬಸ್ಸು, ಮೇವಿನ ಟ್ರ್ಯಾಕ್ಟರು, ಶಾಲೆಗೆ ನಡೆದು ಹೋಗುವ ಮಕ್ಕಳು ಎಲ್ಲರಿಗೂ ಇದೇ ದಾರಿ. 2023ರ ಆಗಸ್ಟ್ 1ರಿಂದ ದಶಪಥ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೋ ಹಾಗೂ ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಕ್ರಮ ಅಗತ್ಯವಾದುದೇ, ಆದರೆ ಆ ವಾಹನಗಳೆಲ್ಲವೂ ಸರ್ವಿಸ್ ರಸ್ತೆಗಳನ್ನೂ ಊರಿನ ಕೂಡುರಸ್ತೆಗಳನ್ನೂ ಆಶ್ರಯಿಸಬೇಕಾಗಿದೆ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅಪಘಾತವಾದೊಡನೆ ಚಾಲಕನ ಅಜಾಗರೂಕತೆಯೆಂದು ಕಡತ ಮುಚ್ಚುವುದು ವಾಡಿಕೆ. ಆದರೆ ಒಂದೇ ಸ್ಥಳದಲ್ಲಿ ಬೇರೆ ಬೇರೆ ಜನರು ಮತ್ತೆ ಮತ್ತೆ ಅಪಘಾತಕ್ಕೀಡಾದರೆ, ರಸ್ತೆಯ ರಚನೆಯನ್ನೇ ಪರಿಶೀಲಿಸಬೇಕು.

ನಾಲ್ಕು ರಸ್ತೆಗಳು ಕೂಡುವಲ್ಲಿ ವಾಹನಗಳ ಪಥಗಳು ಪರಸ್ಪರ ಎದುರಾಗುವ ಬಿಂದುಗಳು 32. ಮೂರು ರಸ್ತೆಗಳು ಕೂಡುವಲ್ಲಿ 9. ನಾಲ್ಕು ರಸ್ತೆಗಳ ಏಕಪಥ ವೃತ್ತದಲ್ಲಿ ಕೇವಲ 8. ವೇಗದ ಲೆಕ್ಕವೂ ಅಷ್ಟೇ ಸ್ಪಷ್ಟ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಗಂಟೆಗೆ 40 ಕಿ.ಮೀ. ವೇಗದ ವಾಹನ ಸುರಕ್ಷಿತವಾಗಿ ನಿಲ್ಲಲು 45 ಮೀಟರ್ ಬೇಕು, 60 ಕಿ.ಮೀ. ವೇಗಕ್ಕೆ 80 ಮೀಟರ್. ತಿರುವಿನ ಮೂಲೆಯಲ್ಲಿ ಗೂಡಂಗಡಿಯೋ ಫ್ಲೆಕ್ಸೋ ನೋಟವನ್ನು ಮರೆಮಾಡಿದರೆ, ಆ ಅಂತರ ಚಾಲಕನಿಗೆ ದೊರೆಯುವುದೇ ಇಲ್ಲ.

ಗ್ರಾಮಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಬೇಡಿಕೆಗಳು ಬರುತ್ತವೆ: ರಸ್ತೆ ಅಗಲಿಸಿ, ಉಬ್ಬು ಹಾಕಿಸಿ. ಅಗಲಿಸಿದ ರಸ್ತೆಯಲ್ಲಿ ವೇಗ ಹೆಚ್ಚುತ್ತದೆ. ದಾಟುವ ವೃದ್ಧೆಗೆ ದಾರಿ ಇನ್ನಷ್ಟು ದೂರವಾಗುತ್ತದೆ. ಬಣ್ಣ, ಫಲಕ, ಬೆಳಕು ಇಲ್ಲದ ಉಬ್ಬು ರಾತ್ರಿಯ ಬೈಕ್ ಸವಾರನಿಗೆ ತಾನೇ ಅಪಾಯ. ಇವುಗಳಿಗೆ ಬದಲಾಗಿ ಕೈಗೊಳ್ಳಬಹುದಾದ ಕ್ರಮಗಳು ಇವು:

1. ತಿರುವಿನ ಮೂಲೆಗಳನ್ನು ಕಿರಿದಾಗಿಸಿ, ವಾಹನ ನಿಧಾನಿಸಿಯೇ ತಿರುಗುವಂತೆ ಮಾಡುವುದು.
2. ರಸ್ತೆಯ ನಡುವೆ ತಂಗುದ್ವೀಪ ನಿರ್ಮಿಸಿ, ಪಾದಚಾರಿಗಳು ಎರಡು ಹಂತಗಳಲ್ಲಿ ದಾಟಲು ಅವಕಾಶ ಕಲ್ಪಿಸುವುದು.
3. ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಒದಗಿಸುವುದು.
4. ಬಸ್ ನಿಲುಗಡೆಯನ್ನು ಕೂಡುರಸ್ತೆಯ ಬಾಯಿಂದ ದೂರ ಸರಿಸುವುದು.

ಮೂಲೆಯ ಅಂಗಡಿಗಳ ಪ್ರಶ್ನೆಯೇ ಅತ್ಯಂತ ಕಠಿಣ. ಅಲ್ಲಿ ಚಹಾ, ತಟ್ಟೆ ಇಡ್ಲಿ ಮಾರುವವರ ಅನ್ನವೂ ಅದೇ ಮೂಲೆಯಲ್ಲಿದೆ. ಆದುದರಿಂದ ತೆರವಿಗೆ ಮುನ್ನ ಪರ್ಯಾಯ ಜಾಗ ಗುರುತಿಸುವುದು ನ್ಯಾಯ. ಪರ್ಯಾಯದ ನೆಪದಲ್ಲಿ ತೆರವನ್ನು ವರ್ಷಗಟ್ಟಲೆ ಮುಂದೂಡುವುದು ಅನ್ಯಾಯ.

ಮುಖ್ಯ ರಸ್ತೆ ಪಂಚಾಯತಿಯ ಸ್ವತ್ತಲ್ಲವೆಂಬುದು ನಿಜ. ಆದರೆ ಬೀದಿದೀಪ, ಒತ್ತುವರಿ ತೆರವು, ಗ್ರಾಮ ರಸ್ತೆಯ ಬಾಯಿ ಸರಿಪಡಿಸುವುದು ಪಂಚಾಯತಿಯ ಕೈಯಲ್ಲಿವೆ. ಉಳಿದ ಕೆಲಸಕ್ಕೆ ಅಪಘಾತಗಳ ದಿನಾಂಕ, ಸಮಯ, ನಿಖರ ಸ್ಥಳಗಳ ನಕ್ಷೆಯೊಡನೆ ಗ್ರಾಮಸಭೆಯ ನಿರ್ಣಯವನ್ನು ರಸ್ತೆಯ ಒಡೆತನವುಳ್ಳ ಇಲಾಖೆಗೆ ಕಳುಹಿಸಬೇಕು. ಮೋಟಾರು ವಾಹನ ಅಧಿನಿಯಮಕ್ಕೆ 2019ರಲ್ಲಿ ಸೇರಿದ 198ಎ ಪ್ರಕರಣವು ಸುರಕ್ಷತಾ ಮಾನದಂಡ ಪಾಲಿಸದ ವಿನ್ಯಾಸ ಹಾಗೂ ನಿರ್ವಹಣೆಗೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರನ್ನೂ ಹೊಣೆಯಾಗಿಸಿದೆ. ಲಿಖಿತ ನಿರ್ಣಯಕ್ಕೆ ಆ ಬಲವಿದೆ.

ಮರಳಿನ ಚೀಲ ಹಾಗೂ ಸುಣ್ಣದ ಗೆರೆಗಳಿಂದ ಹೊಸ ವಿನ್ಯಾಸವನ್ನು ಪೊಲೀಸ್ ಇಲಾಖೆಯ ಸಹಕಾರದೊಡನೆ ಕೆಲವು ದಿನ ಪ್ರಯೋಗಿಸಿ ನೋಡಬಹುದು. ವೆಚ್ಚ ಅಲ್ಪ, ತಿದ್ದಲು ಸುಲಭ. ಆ ದಿನಗಳಲ್ಲಿ ಬಸ್ಸಿನ ಚಾಲಕನನ್ನೂ, ಟ್ರ್ಯಾಕ್ಟರಿನ ರೈತನನ್ನೂ, ಕೋಲೂರಿ ದಾಟುವ ಹಿರಿಯರನ್ನೂ ಕೇಳಬೇಕು. ಅತ್ಯಂತ ನಿಧಾನವಾಗಿ ನಡೆಯುವವರು ನಿರ್ಭಯವಾಗಿ ದಾಟಬಲ್ಲ ಕೂಡುರಸ್ತೆಯೇ ಎಲ್ಲರಿಗೂ ಸುರಕ್ಷಿತ.